ಎರಡು ಸ್ವರಕ್ಕೆ ಒಂದೇ ತಂತಿ

ಮಾದಾಪುರದ ರೇಡಿಯೋ ರಿಪೇರಿ ಮೊಣ್ಣಪ್ಪ ಸೈನ್ಯದ ಸಿಗ್ನಲ್ಸ್‌ನಲ್ಲಿ ಹದಿನೈದು ವರ್ಷ ದುಡಿದು ಬಂದವನು. ಊರಿನವರ ರೇಡಿಯೋಗಳನ್ನು ಅವರು ಕೇಳದಿದ್ದರೂ ಬಿಚ್ಚಿಬಿಡುವ ಆಸಾಮಿ. ಆದರೆ ಹೆಂಡತಿ ಪ್ರೇಮಾವತಿಯ ಮೌನಕ್ಕೆ ಅವನ ಹತ್ತಿರ ಮದ್ದಿರಲಿಲ್ಲ. ಅವಳೂ ಅವಳ ಅಕ್ಕ ಪೂವಮ್ಮನೂ ಜೋಡಿಯಾಗಿ ಶೋಭಾನೆ ಹಾಡದೆ ಸುತ್ತಮುತ್ತ ಒಂದು ಮದುವೆಯೂ ಆಗುತ್ತಿರಲಿಲ್ಲ. ಅರವತ್ತೊಂಬತ್ತನೇ ಇಸವಿಯಲ್ಲಿ ಅಕ್ಕ ತೀರಿಕೊಂಡಳು. ಒಂಟಿಯಾಗಿ ಹಾಡುವುದು ತನ್ನಿಂದಾಗದೆಂದು ಪ್ರೇಮಾವತಿ ಆಮೇಲೆ ಬಾಯಿಯೇ ಬಿಡಲಿಲ್ಲ. ಎರಡು ವರ್ಷದ ಮೇಲೆ ಮಗಳ ಮದುವೆ ಗೊತ್ತಾಯಿತು. ಅವ್ವ ಹಾಡಲೇಬೇಕೆಂದು ಮಗಳು ಹಟ ಹಿಡಿದಳು.

ಜೊತೆಗೊಂದು ಸ್ವರ ತಾನೇ ಬೇಕು, ಮಾಡಿಕೊಡುತ್ತೇನೆಂದು ಮೊಣ್ಣಪ್ಪ ಹೊರಟ. ಹಳೆಯ ಹಾರ್ಮೋನಿಯಂನ ಕೀಗಳಿಗೆ ತಂತಿ ಕಟ್ಟಿ, ಟ್ರಾನ್ಸಿಸ್ಟರ್ ಹಾಕಿ, ಹಾಡುವ ಎರಡು ಪೆಟ್ಟಿಗೆ ಮಾಡಿದ. ಒತ್ತಿದ ಕೀಗೆ ತಕ್ಕಷ್ಟು ವೋಲ್ಟು ತಂತಿಯಲ್ಲಿ ಹೋಗಿ, ಎಷ್ಟು ಎತ್ತರದಲ್ಲಿ ಹಾಡಬೇಕೆಂದು ಪೆಟ್ಟಿಗೆಗೆ ಅಪ್ಪಣೆ ಕೊಡುತ್ತಿತ್ತು. ಒಂದೇ ಪೆಟ್ಟಿಗೆಯಿದ್ದಾಗ ಸರಿಯಾಗಿ ಹಾಡಿತು. ಅದೇ ತಂತಿಯನ್ನು ಕವಲು ಮಾಡಿ ಎರಡಕ್ಕೂ ಕೊಟ್ಟರೆ ಅಪ್ಪಣೆಯೇ ಸೊರಗಿ ಸ್ವರ ಇಳಿಯಿತು. ಎರಡನೆಯದು ಇನ್ನೂ ಒಂದು ಕೂದಲೆಳೆ ಕೆಳಗೆ. ಆ ಸಂಜೆ ಪ್ರೇಮಾವತಿ ಒಲೆ ಬಿಟ್ಟು ಬಂದು ಬಾಗಿಲಲ್ಲಿ ನಿಂತಳು. ತುಟಿ ಅಲುಗುತ್ತಿತ್ತು. ಅಪಸ್ವರಕ್ಕೆ ಸಂಕಟಪಡುತ್ತಿದ್ದಾಳೆಂದು ಈ ಜಾಣ ತಿಳಿದ.

ಮರುದಿನವೇ ಮಡಿಕೇರಿಯ ಬಸ್ಸು ಹತ್ತಿ ಇನ್ನೆರಡು ಟ್ರಾನ್ಸಿಸ್ಟರ್ ತಂದ. ತಂತಿ ಕವಲೊಡೆಯುವಲ್ಲಿ ಒಂದೊಂದು ಪೆಟ್ಟಿಗೆಗೂ ಒಂದೊಂದನ್ನು ಬೆಸೆದ. ಒಂದರ ಪಾಲನ್ನು ಇನ್ನೊಂದು ಎಳೆಯುವುದು ನಿಂತಿತು. ಎರಡು ಸ್ವರವೂ ಸರಿಸಮನಾಗಿ ಕೂಡಿದವು. ಹೆಂಡತಿಯನ್ನು ಕರೆದು ಕೂರಿಸಿ, ಅವಳದೇ ಶೋಭಾನೆಯನ್ನು ಬಾರಿಸಿದ.

ಅವಳು ಪೂರ್ತಿ ಕೇಳಿದಳು.

“ಮೊನ್ನೆ ಇದ್ರಲ್ಲಿ ಅಕ್ಕ ಇತ್ತ್,” ಎಂದಳು. “ಅಕ್ಕನ ಸ್ವರ ಯಾವಾಗ್ಲೂ ಒಂಚೂರು ಇಳೀತಿತ್ತ್. ನೀವು ಅದ್ನೂ ರಿಪೇರಿ ಮಾಡ್‌ಬುಟ್ಟರಿ.”

ಮೊಣ್ಣಪ್ಪ ಬೆಸುಗೆ ಕಡ್ಡಿ ಕಾಯಿಸಿ ಆ ಎರಡು ಟ್ರಾನ್ಸಿಸ್ಟರನ್ನೂ ಅಲ್ಲೇ ಕಿತ್ತು, ತಂತಿಯನ್ನು ಮೊದಲಿನಂತೆ ಸೇರಿಸಿದ. ಸ್ವರವೂ ಮೊದಲಿನಂತೆಯೇ ಇಳಿಯಿತು. ಪ್ರೇಮಾವತಿ ಮುಖ ತಿರುಗಿಸಿದಳು.

“ಬೊಡ, ಬುಟ್ಟುಬುಡಿ. ಈಗ ಇಳ್ಸುದು ನೀವು, ಅಕ್ಕ ಅಲ್ಲ.”

ಮಗಳಿಗೆ ಧಾರೆಯಾಗುವಾಗ ಚಪ್ಪರದಲ್ಲಿ ನೆರೆಮನೆಯ ಹೆಂಗಸರು ಹಾಡಿದರು. ಪ್ರೇಮಾವತಿ ಮಗಳ ಸೆರಗು ಸರಿಮಾಡುತ್ತ ಸುಮ್ಮನೆ ನಿಂತಿದ್ದಳು. ಹಾಡಿನಲ್ಲಿ ಒಂದು ಸ್ವರವೂ ತಪ್ಪಲಿಲ್ಲ. ಮೊಣ್ಣಪ್ಪನಿಗೆ ಅದನ್ನು ಕೇಳಿಸಿಕೊಳ್ಳಲಾಗಲಿಲ್ಲ. ನೆಂಟರಿಷ್ಟರೆಲ್ಲರ ಎದುರು ಅತ್ತುಬಿಟ್ಟ.