ಅವಳ ಕಾಲ ಬಳಿಯ ಜಾಗ

ಆ ಹೆಂಗಸು ನಮ್ಮ ಮನೆಗೆ ಬರುವ ತನಕ ನನ್ನೊಳಗೆ ಇಷ್ಟೊಂದು ಹೊಟ್ಟೆಕಿಚ್ಚು ಇದೆ ಎಂದು ನನಗೇ ಗೊತ್ತಿರಲಿಲ್ಲ. ಅದೂ ಯಾರ ಮೇಲೆ? ಟಿ.ಬಿ. ಡ್ಯಾಂನಿಂದ ದಿನಾ ಸಂಜೆ ಬಸ್ಸು ಹತ್ತಿ ಬಂದು, ರಾತ್ರಿಯೆಲ್ಲ ನನ್ನ ಹೆಂಡತಿಯ ಆರೈಕೆ ಮಾಡಿ, ಬೆಳಿಗ್ಗೆ ಒಂದು ಲೋಟ ಚಹಾ ಕುಡಿದು ಹೋಗುವ ನಡುವಯಸ್ಸಿನ ಬಡಪಾಯಿಯ ಮೇಲೆ.

ಹೆಂಡತಿ ಕಂಪ್ಲಿಯಲ್ಲಿ ನನ್ನ ತಂಗಿಯ ಮನೆಯ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದಳು. ಆಪರೇಷನ್ ಆಗಿ ಹೊಸಪೇಟೆಯ ಮನೆಗೆ ಕರೆತರುವಾಗ ಡಾಕ್ಟರು ರಾತ್ರಿಯ ಕೆಲಸಗಳನ್ನು ಹೇಳಿ ಕಳಿಸಿದ್ದರು. ಆಗಾಗ ಮಗ್ಗಲು ಬದಲಿಸಬೇಕು, ಬೆಡ್‌ಪ್ಯಾನ್ ಇಡಬೇಕು, ಕಾಲು ಹಿಡಿದುಕೊಂಡಾಗ ಮೆಲ್ಲಗೆ ನೀವಬೇಕು. ಸಂಡೂರಿನಲ್ಲಿರುವ ಮಗಳು ರಾತ್ರಿಗೆ ಒಬ್ಬರನ್ನು ಇಡೋಣ ಎಂದಳು. ನನಗೆ ಸಿಟ್ಟು ಬಂತು.

"ಯಾರೂ ಬ್ಯಾಡವ್ವ. ತೋರಣಗಲ್ಲಿನ ಫ್ಯಾಕ್ಟರಿಯಾಗ ಜಿಂದಗಿಪೂರ್ತಿ ನೈಟ್ ಶಿಫ್ಟ್ ಮಾಡೀನಿ. ನಿದ್ದಿಗೆಡೋದು ನನಗ ಯಾರೂ ಕಲಿಸೋದು ಬ್ಯಾಡ" ಎಂದೆ.

ನಿದ್ದೆಗೆಡುವುದರಲ್ಲಿ ನಾನು ಸೋಲಲಿಲ್ಲ. ಮಗ್ಗಲು ಬದಲಿಸಿದೆ. ಬೆಡ್‌ಪ್ಯಾನ್ ಇಟ್ಟೆ. ಅದಕ್ಕೆ ಅವಳು ಸೆರಗನ್ನು ಮುಖದ ಮೇಲೆಳೆದುಕೊಂಡು ಹೇಗೋ ಒಪ್ಪಿದಳು. ಆದರೆ ಕಾಲು? ನನ್ನ ಕೈ ಮೊಣಕಾಲು ದಾಟಿ ಪಾದದ ಕಡೆ ಇಳಿಯುತ್ತಿದ್ದಂತೆ ಆ ನೋವಿನಲ್ಲೂ ಕಾಲೆಳೆದುಕೊಳ್ಳಲು ನೋಡುತ್ತಿದ್ದಳು.

"ಬ್ಯಾಡ್ರೀ. ಗಂಡನ ಕೈಲೆ ಕಾಲು ಹಿಡಿಸಿಕೊಂಡ್ರ ನನಗ ಪಾಪ ಹತ್ತತೈತಿ."

ಅವಳು ಎಮ್ಮಿಗನೂರಿನವಳು. ಗಂಡ ಒಳಗೆ ಬಂದರೆ ಚಾಚಿದ ಕಾಲು ಮಡಚಿಕೊಳ್ಳುವ ಮನೆಯಲ್ಲಿ ಬೆಳೆದವಳು. ಮದುವೆಯಾದಾಗಿನಿಂದ ಒಮ್ಮೆಯೂ ನನ್ನ ಕಡೆ ಕಾಲು ಚಾಚಿ ಮಲಗಿದವಳಲ್ಲ. "ಆ ಪಾಪ ನನ್ನ ತಲಿಗೆ ಕಟ್ಟು" ಎಂದು ತಮಾಷೆ ಮಾಡಿದೆ, ಬೈದೆ, ಬೇಡಿಕೊಂಡೆ. ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಕೊನೆಗೆ ಮಗಳ ಮಾತೇ ಗೆದ್ದಿತು. ಒಂದು ತಿಂಗಳು ನೋಡೋಣ, ಆಮೇಲೆ ನೀನೇ ತೀರ್ಮಾನ ಮಾಡಪ್ಪ ಎಂದು ಆ ಹೆಂಗಸನ್ನು ಗೊತ್ತುಮಾಡಿದಳು.

ಮೊದಲ ದಿನವೇ ನನ್ನ ಹಾಸಿಗೆ ಪಡಸಾಲೆಗೆ ಬಂತು. ಕೋಣೆಯ ಬಾಗಿಲು ಮುಚ್ಚಿಕೊಂಡಿತು. ಮುಚ್ಚಿದ ಬಾಗಿಲ ಆಚೆ ನನ್ನ ಹೆಂಡತಿ ನಗುತ್ತಿದ್ದಳು. ಸಣ್ಣ ನಗುವಲ್ಲ, ಉಸಿರು ಸಿಕ್ಕಿಹಾಕಿಕೊಳ್ಳುವಂಥ ನಗು. ಬೆಳಿಗ್ಗೆ ಏನು ಅಷ್ಟು ನಗು ಎಂದು ಕೇಳಿದರೆ, "ಹೆಣ್ಮಕ್ಕಳ ಮಾತು, ನಿಮಗ್ಯಾಕ್ರಿ" ಎಂದಳು. ನನಗೆ ಮೈಯೆಲ್ಲ ಉರಿದುಹೋಯಿತು.

ಸಂಜೆಯಾಯಿತೆಂದರೆ ಅವಳ ಕಿವಿ ಗೇಟಿನ ಕಡೆ. ಅವಳಿಗೆ ಇಷ್ಟವೆಂದು ಬಸ್ ಸ್ಟ್ಯಾಂಡ್ ಹತ್ತಿರದಿಂದ ಬಿಸಿ ಮಿರ್ಚಿ ಬಜ್ಜಿ ಕಟ್ಟಿಸಿಕೊಂಡು ಬಂದರೆ ಬಾಯಿಗೆ ಹಾಕುವ ಮೊದಲೇ, "ಅಕಿಗೆ ಎರಡು ಎತ್ತಿಡ್ರಿ, ಹಸಕೊಂಡು ಬರ್ತಾಳ" ಎನ್ನುತ್ತಿದ್ದಳು. ಹಸಿದು ಕೂತಿದ್ದ ನನ್ನನ್ನು ತಿಂದೆಯಾ ಎಂದು ಕೇಳುವವರಿಲ್ಲ. ಆ ಹೆಂಗಸು ಬಾಚಿ ಹಾಕಿದ ಜಡೆ ನೋಡಿ, "ಓರೆ ಆಗೇತಿ" ಎಂದು ಕೊಂಕು ತೆಗೆದೆ. ಅವಳ ಕೆಲಸದಲ್ಲಿ ಒಂದು ತಪ್ಪಾದರೂ ಸಿಗಲಿ ಎಂದು ಬೆಳಿಗ್ಗೆ ಕೋಣೆಯೆಲ್ಲ ತಡಕಾಡಿದೆ. ಹಾಸಿಗೆಯಲ್ಲಿ ಒಂದು ಸುಕ್ಕೂ ಇರಲಿಲ್ಲ. ಅದಕ್ಕೂ ಸಿಟ್ಟು ಬಂತು.

ತಿಂಗಳು ತುಂಬಿದ ದಿನ ನಾನು ತೀರ್ಮಾನ ಮಾಡಿಯಾಗಿತ್ತು. ನಾಳೆಯಿಂದ ನೀನು ಬರುವುದು ಬೇಡ ಎಂದು ಅವಳು ಬಂದ ಕೂಡಲೇ ಹೇಳುವುದು. ಹೆಂಡತಿ ಮುನಿಸಿಕೊಳ್ಳುತ್ತಾಳೆ, ಮುನಿಸಿಕೊಳ್ಳಲಿ. ಎಷ್ಟು ದಿನ? ಅವಳ ಕಾಲಿಗೆ ಹಚ್ಚುವ ಎಣ್ಣೆಯನ್ನೂ ನಾನೇ ಬಿಸಿ ಮಾಡಿ, ಇವತ್ತು ಏನೇ ಆಗಲಿ ಕಾಲು ಹಿಡಿದೇ ಬಿಡುತ್ತೇನೆ ಎಂದುಕೊಂಡು ಬಟ್ಟಲು ಹಿಡಿದು ಕೋಣೆಗೆ ಹೊರಟೆ. ಅಷ್ಟರಲ್ಲಿ ಕರೆಂಟು ಹೋಯಿತು. ಮುಸ್ಸಂಜೆ, ಕೋಣೆಯೊಳಗೆ ಆಗಲೇ ಕತ್ತಲು. ಹೆಂಡತಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ತಾನಾಗಿ ಹೊರಳಲು ಇನ್ನೂ ಬರುತ್ತಿರಲಿಲ್ಲ. ನಾನು ಕಾಲ ಬಳಿ ಮಂಚದ ಮೇಲೆ ಕುಳಿತೆ.

"ಬಂದ್ಯೇನವ್ವ?" ಎಂದಳು.

ಬಂದದ್ದು ನಾನು ಎಂದು ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವಳು ಕಾಲನ್ನು ನನ್ನ ಕಡೆ ಚಾಚಿದಳು. ಎತ್ತಿ ತೊಡೆಯ ಮೇಲಿಟ್ಟುಕೊಂಡೆ. ಅವಳು ಎಳೆದುಕೊಳ್ಳಲಿಲ್ಲ. ಹಿಮ್ಮಡಿ ಒಡೆದು ಒರಟಾಗಿತ್ತು, ಪಾದ ತಣ್ಣಗಿತ್ತು. ಇಷ್ಟು ವರ್ಷ ಸಂಸಾರ ಮಾಡಿದವನಿಗೆ ಹೆಂಡತಿಯ ಪಾದ ಹೇಗಿದೆ ಎಂದು ಆಗ ತಿಳಿಯಿತು. ಬಾಯಿ ಮುಚ್ಚಿಕೊಂಡು ಎಣ್ಣೆ ಹಚ್ಚತೊಡಗಿದೆ.

"ಯಾಕ ಮಾತಾಡವಲ್ಲಿ? ಬಸ್ಸಿನ್ಯಾಗ ನಿಂತ್ಕೊಂಡು ಬಂದು ಸುಸ್ತಾತೇನು?" ಎಂದು ತಾನೇ ಕೇಳಿ ತಾನೇ ಉತ್ತರ ಹೇಳಿಕೊಂಡಳು. ಆಮೇಲೆ ನರಳಿದಳು.

ಆ ನರಳಾಟ ನಾನು ಕೇಳಿರಲಿಲ್ಲ. ಆಸ್ಪತ್ರೆಯಲ್ಲಿಯೂ ಇಲ್ಲ, ಮನೆಯಲ್ಲಿಯೂ ಇಲ್ಲ. ಹೊಟ್ಟೆಯ ಆಳದಿಂದ ಎದ್ದು ಬಂದಂತಿತ್ತು. ನನ್ನ ಕೈ ನಿಂತಿತು.

"ಒತ್ತವ್ವ, ಯಾಕ ಬಿಟ್ಟಿ? ಮುಂಜಾನಿಂದ ಹಲ್ಲು ಕಚ್ಚಿಕೊಂಡು ಬಿದ್ದೀನಿ. ಅವರ ಮುಂದ ನರಳಾಕ ಬರಂಗಿಲ್ಲ. ನಾ ಒಂದು ಸಲ ಅಮ್ಮಾ ಅಂದ್ರ ಅವರ ಮಖ ಹೆಂಗ ಆಗತೈತಿ ಅಂದ್ರ, ನನ್ನ ನೋವು ಬಿಟ್ಟು ಅವರನ್ನ ಸಮಾಧಾನ ಮಾಡೋದು ಆಗತೈತಿ. ಪಾಪಪುಣ್ಯ ಅಂತ ನೆಪ ಹೇಳಿ ನಿನ್ನ ಕರಿಸೀನಿ. ಸಂಜಿ ಯಾವಾಗ ಆದೀತು, ನೀ ಯಾವಾಗ ಬಂದೀ ಅಂತ ಕಾಯ್ತಿರ್ತೀನಿ."

ನಾನು ಒತ್ತಿದೆ. ಅವಳು ನರಳಿದಳು.

ಗೇಟಿನ ಸದ್ದಾಯಿತು. ಅವಳ ಕಾಲನ್ನು ಮೆಲ್ಲಗೆ ದಿಂಬಿನ ಮೇಲಿಟ್ಟು ಬರಿಗಾಲಲ್ಲಿ ಹೊರಗೆ ಬಂದೆ. ಆ ಹೆಂಗಸು ಮೊಬೈಲಿನ ಬೆಳಕು ಹಿಡಿದು ಅಂಗಳದಲ್ಲಿ ನಿಂತಿದ್ದಳು.

"ಬಸ್ಸು ತಡ ಆತ್ರಿ ಅಣ್ಣಾರ. ತಿಂಗಳು ಆತಲ್ರೀ, ನಾಳಿಂದ ಬರ್ಲೋ ಬ್ಯಾಡೋ ನಿಮ್ಮನ್ನ ಕೇಳು ಅಂದ್ರು ನಿಮ್ಮ ಮಗಳು."

ಅವಳ ಬೆಳಕು ಎಣ್ಣೆ ಮೆತ್ತಿದ ನನ್ನ ಕೈಗಳ ಮೇಲೆ ಬಿದ್ದಿತ್ತು. ಕೈ ಹಿಂದೆ ಕಟ್ಟಿಕೊಂಡೆ.

"ಬಾ. ನಾಳಿಂದ ಇನ್ನಷ್ಟು ಜಲ್ದಿ ಬಾ. ಈಗ ಒಳಗ ಹೋಗವ್ವ, ಅಕಿ ಕಾಯಾಕ ಹತ್ಯಾಳ. ಕೇಳಿದ್ರ, ಎಣ್ಣಿ ಬಿಸಿ ಮಾಡಾಕ ಹೋಗಿದ್ದೆ ಅಂತ ಹೇಳು."

ಅವಳು ನನ್ನ ಮುಖ ನೋಡಿ ಒಳಗೆ ಹೋದಳು. ಕೋಣೆಯ ಬಾಗಿಲು ಮುಚ್ಚಿತು. ಇದೇ ಮೊದಲ ಸಲ ಅದಕ್ಕೆ ಕಿವಿ ಹಚ್ಚಿ ನಿಂತೆ. ಸ್ವಲ್ಪ ಹೊತ್ತಿಗೆ ಹೆಂಡತಿಯ ನರಳಾಟ ಮತ್ತೆ ಶುರುವಾಯಿತು, ಆದರೆ ಸಣ್ಣದಾಗಿ, ತಡೆತಡೆದು. ನಾನು ಪಡಸಾಲೆಯಲ್ಲಿದ್ದೇನೆ ಎಂಬ ಅಳುಕಿರಬೇಕು. ಆ ನರಳಾಟವೂ ಆ ಹೆಂಗಸಿಗೇ ಸಲ್ಲುತ್ತಿತ್ತಲ್ಲ ಎಂದು ಹೊಟ್ಟೆ ಉರಿಯಿತು. ಇವತ್ತಿಗೂ ಉರಿಯುತ್ತದೆ.

ನಾನು ಚಪ್ಪಲಿ ಮೆಟ್ಟಿಕೊಂಡೆ. ಹೆಂಡತಿಗೆ ಕೇಳಿಸಲೆಂದೇ ಟಪಟಪ ಸದ್ದು ಮಾಡುತ್ತ ಅಂಗಳ ದಾಟಿದೆ, ಗೇಟನ್ನು ಜೋರಾಗಿ ಎಳೆದುಕೊಂಡು ಬೀದಿಗೆ ಹೋದೆ.