ಪ್ಯಾರಾಚೂಟ್ ಬೇಡವೆಂದವರು ಯಾರು?

"ಆ ಪೈಲಟ್‌ಗಳು ಎಂಥಾ ಧೈರ್ಯದವರು ಅಂದ್ರ, ಪ್ಯಾರಾಚೂಟ್ ಕೊಡ್ತೀವಿ ಅಂದ್ರೂ ಬ್ಯಾಡ ಅಂದ್ರು."

ಕಳೆದ ಭಾನುವಾರ ಕುಲಕರ್ಣಿಯವರು ಮಕ್ಕಳಿಗೆ ಹೀಗೆ ಹೇಳುತ್ತಿದ್ದಾಗ ನಾನು ಹಿಂದೆ ನಿಂತಿದ್ದೆ. ಕೈಯಲ್ಲಿ ನಮ್ಮ ಯಜಮಾನರ ನೀಲಿ ಗೈಡ್ ವೆಸ್ಟ್, ಒಗೆದು ಇಸ್ತ್ರಿ ಮಾಡಿದ್ದು. ವಾಪಸ್ ಕೊಡಲು ಹೋಗಿದ್ದೆ.

ಈ ಪರದೇಶದ ಪಾರ್ಸಿಪನಿಯಲ್ಲಿರುವ ನಮ್ಮ ಮನೆಯಿಂದ ಅರ್ಧ ಗಂಟೆ ಡ್ರೈವ್ ಮಾಡಿದರೆ ಒಂದು ಸಣ್ಣ ವಿಮಾನ ಮ್ಯೂಸಿಯಂ. ನಮ್ಮವರು ಅಲ್ಲಿ ವಾಲಂಟಿಯರ್ ಗೈಡ್ ಆಗಿದ್ದರು. ವಾರವಿಡೀ ಆಫೀಸು, ಭಾನುವಾರ ಹಳೆಯ ವಿಮಾನ. (ನನ್ನ ಪಾಲಿಗೆ ಸಿಗುತ್ತಿದ್ದುದು ಶನಿವಾರದ ಗ್ರೋಸರಿ ಓಡಾಟ ಮಾತ್ರ.) ಅವರು ತೀರಿಕೊಂಡು ಮೂರು ತಿಂಗಳಾಯಿತು. ಅವರ ಜಾಗಕ್ಕೆ ನಮ್ಮ ಕನ್ನಡ ಕೂಟದ ಕುಲಕರ್ಣಿಯವರೇ ಬಂದಿದ್ದಾರೆ. ಅಂದು ಬಂದಿದ್ದವರು ಕನ್ನಡ ಶಾಲೆಯ ಮಕ್ಕಳು.

ಈ ಕಥೆ ನನಗೆ ಬಾಯಿಪಾಠ. ಊಟಕ್ಕೆ ಕೂತಾಗ ಎಷ್ಟು ಸಲ ಕೇಳಿಲ್ಲ? ಸೈಕಲ್ ಅಂಗಡಿಯ ಇಬ್ಬರು ಅಣ್ಣತಮ್ಮಂದಿರು ಮೊದಲ ಸಲ ಹಾರಿದ್ದು ಕೆಲವೇ ಸೆಕೆಂಡು. ಕೆಲವೇ ವರ್ಷಗಳಲ್ಲಿ ಸೈನ್ಯ ವಿಮಾನ ಕೊಂಡಿತು. ಮೊದಲ ಮಹಾಯುದ್ಧದ ಆರಂಭದಲ್ಲಿ ಶತ್ರು ಪೈಲಟ್‌ಗಳು ಆಕಾಶದಲ್ಲಿ ಎದುರಾದರೆ ಕೈ ಬೀಸುತ್ತಿದ್ದರಂತೆ. ಆಮೇಲೆ ಪಿಸ್ತೂಲು ಬಂತು. ಆಮೇಲೆ ಮಷಿನ್ ಗನ್.

ವಿಮಾನವೋ ಬರೀ ಕಟ್ಟಿಗೆ, ಬಟ್ಟೆ, ಪೆಟ್ರೋಲು. ಬೆಂಕಿ ಹತ್ತಿದರೆ ಎಲ್ಲಿಗೆ ಹೋಗುವುದು? ಬಲೂನಿನಲ್ಲಿ ಕೂತು ಶತ್ರುವನ್ನು ನೋಡುವವರಿಗೆ ಪ್ಯಾರಾಚೂಟ್ ಇತ್ತು. ಬ್ರಿಟಿಷ್ ಪೈಲಟ್‌ಗಳಿಗೆ ಇರಲಿಲ್ಲ. ಆಗಿನ ಪ್ಯಾರಾಚೂಟ್ ಭಾರ, ಅದೂ ನಿಜ. ಆದರೆ ಸೈನ್ಯದ ಮೇಲಿನವರಿಗೆ, ಅಂದರೆ ಅಧಿಕಾರಿಗಳಿಗೆ, ಇನ್ನೊಂದು ಭಯವಿತ್ತು. ಕೊಟ್ಟರೆ ಸಣ್ಣ ಅಪಾಯಕ್ಕೂ ವಿಮಾನ ಬಿಟ್ಟು ಹಾರಿಬಿಟ್ಟಾರು ಎಂದು.

ಇದನ್ನು ಹೇಳದೆ ನಮ್ಮವರು ಯಾರನ್ನೂ ಮ್ಯೂಸಿಯಂನಿಂದ ಹೊರಗೆ ಬಿಡುತ್ತಿರಲಿಲ್ಲ.

ಕುಲಕರ್ಣಿಯವರನ್ನು ಪಕ್ಕಕ್ಕೆ ಕರೆದೆ. "ನಮ್ಮವರು ಬರೆದಿಟ್ಟ ಗೈಡ್ ನೋಟ್ಸ್‌ನಲ್ಲಿ ಹಾಗಿಲ್ಲವಲ್ಲ?"

"ಓದೀನಿ ವೈನಿ. ಸಣ್ಣ ಮಕ್ಕಳಿಗೆ ಅವೆಲ್ಲಾ ಯಾಕ್ರಿ? ಸತ್ತವರ ಬಗ್ಗೆ ನಾಕು ಛಲೋ ಮಾತು ಆಡಿದ್ರ ಏನು ಹೋಗ್ತದ?"

ನಾಲ್ಕು ಒಳ್ಳೆಯ ಮಾತು. ವೈಕುಂಠ ಸಮಾರಾಧನೆಯ ದಿನ ಬ್ರಿಡ್ಜ್‌ವಾಟರ್‌ನ ಹಾಲ್‌ನಲ್ಲಿ ಕೇಳಿದ್ದೂ ಅದನ್ನೇ. ಅಂದು ಕಹಿ ಮಾತು ಆಡಬಾರದು, ನಮ್ಮಲ್ಲಿ ಪದ್ಧತಿ. ಮೊದಲ ಸಾಲಿನಲ್ಲಿ ಕೂತಿದ್ದ ಅವರ ಮ್ಯಾನೇಜರ್ ಎದ್ದು ಹೇಳಿದ: "ಕೊನೆಯ ದಿನದವರೆಗೂ ಒಂದೂ ರಜೆ ತಗೊಳ್ಳಲಿಲ್ಲ. ಹೀ ವಾಸ್ ಎ ಫೈಟರ್." ಎಲ್ಲರೂ ತಲೆಯಾಡಿಸಿದರು.

ಎದೆನೋವಿಗೆ ಟೆಸ್ಟ್ ಮಾಡಿಸಲು ನಮ್ಮವರು ಎರಡು ಸಲ ರಜೆ ಕೇಳಿದ್ದರು. "ಸಾಫ್ಟ್‌ವೇರ್ ರಿಲೀಸ್ ಮುಗಿಯಲಿ" ಎಂದಿದ್ದು ಇದೇ ಮನುಷ್ಯ. ಮೂರನೆಯ ಸಲ ಇವರು ಕೇಳಲಿಲ್ಲ. ರಿಲೀಸ್‌ನ ಹಿಂದಿನ ದಿನ ಡೆಸ್ಕಿನಲ್ಲೇ ಕುಸಿದರು.

ಎಲ್ಲ ಗೊತ್ತಿದ್ದೂ ನಾನು ಏನು ಮಾಡಿದೆ? ಆ ಮ್ಯಾನೇಜರಿಗೆ ಕೈ ಮುಗಿದೆ. ಬಲವಂತ ಮಾಡಿ ಇನ್ನೊಂದು ವಡೆ ಬಡಿಸಿದೆ. (ಶ್ರದ್ಧಾಂಜಲಿಯ ಪ್ರಕಟಣೆಯಲ್ಲಿ "ಕರ್ತವ್ಯನಿಷ್ಠರು" ಎಂದು ಬರೆದವಳೂ ನಾನೇ.)

ವೆಸ್ಟ್ ವಾಪಸ್ ಕೊಡಲಿಲ್ಲ. ಹಾಕಿಕೊಂಡೆ. ನನಗೆ ದೊಡ್ಡದು, ಭುಜದಲ್ಲಿ ಜೋಲುತ್ತಿತ್ತು.

"ಕುಲಕರ್ಣಿಯವರೇ, ಐದು ನಿಮಿಷ ಕೊಡಿ."

"ವೈನಿ, ನೀವು ಅಳ್ತೀರಿ. ಮಕ್ಕಳು ಹೆದರ್ತಾವ."

ಅಳಲಿಲ್ಲ. ಬಲೂನಿನವರದು, ಪೈಲಟ್‌ಗಳದು, ಮೇಲಿನವರ ಭಯದ್ದು, ಎಲ್ಲವನ್ನೂ ನಮ್ಮವರು ಹೇಳುತ್ತಿದ್ದಂತೆಯೇ ಹೇಳಿದೆ. ಎರಡು ಜಡೆಯ ಹುಡುಗಿ ಕೈ ಎತ್ತಿದಳು. "ಡಿಡ್ ದೇ ಆಸ್ಕ್ ಫಾರ್ ಇಟ್, ಆಂಟಿ?"

"ಕೆಲವರು ಕೇಳಿದ್ರು ಕಣಮ್ಮ."

"ದೆನ್ ಹೂ ಸೆಡ್ ನೋ?"

"ಕೆಳಗೆ, ನೆಲದ ಮೇಲೆ ಕೂತಿದ್ದ ಅಧಿಕಾರಿಗಳು," ಎಂದೆ. "ನಮ್ಮನೆ ಅಂಕಲ್ ಕೂಡ ಆಫೀಸಿನಲ್ಲಿ ಕೇಳಿದ್ರು. ಡಾಕ್ಟರ್ ಹತ್ರ ಹೋಗೋಕೆ ರಜೆ. ಎರಡು ಸಲ."

ಮಕ್ಕಳಿಗೆ ಅರ್ಥವಾಯಿತೋ ಇಲ್ಲವೋ. ಕುಲಕರ್ಣಿಯವರ ಮುಖ ಸಣ್ಣದಾಯಿತು. "ಅವತ್ತ ಹಾಲ್‌ನಾಗ ಯಾಕ ಹೇಳಲಿಲ್ರಿ?" ಎಂದರು.

ಅವತ್ತು ಹೇಳದ್ದನ್ನು ಇವತ್ತು ಇಲ್ಲಿ ಬರೆಯುತ್ತಿದ್ದೇನೆ.

ನಿಮ್ಮ ಮನೆಯಲ್ಲೂ ಒಬ್ಬರು ನೋವು ನುಂಗಿಕೊಂಡು, ರಜೆ ಕೇಳದೆ ದುಡಿಯುತ್ತಿರಬಹುದು. ಅವರನ್ನು ನೀವು ಏನೆಂದು ಹೊಗಳುತ್ತೀರಿ?