ಪೆಟ್ಟಿಗೆಯ ಅಡಿ ಓದುವ ಮಗುಚಕ್ಕ

ಬೆಳಗಿನ ಐದೂವರೆ. ಬಂದರಿನ ಗೋದಾಮಿನ ಮೂರನೇ ಬಾಗಿಲು ಇನ್ನೂ ಅರ್ಧವೇ ತೆರೆದಿದೆ. ಒಳಗೆ ಉದ್ದನೆಯ ಮೇಜು, ಅದರ ಮೇಲೆ ಹಸಿರು ಬಟ್ಟೆ, ಬಟ್ಟೆಯ ಮೇಲೆ ಮರದ ಪುಟ್ಟ ಪೆಟ್ಟಿಗೆಗಳ ಸಾಲು. ಐವತ್ತರ ಆಸುಪಾಸಿನ ಹೆಂಗಸೊಬ್ಬರು ತೋಳು ಮಡಚಿಕೊಂಡು ಒಂದು ಪೆಟ್ಟಿಗೆ ಎತ್ತುತ್ತಾರೆ. ಮುಚ್ಚಳದ ಬಣ್ಣಬಣ್ಣದ ಚಿತ್ರದ ಕಡೆ ಕಣ್ಣೂ ಹಾಯಿಸದೆ ತಟ್ಟನೆ ಮಗುಚುತ್ತಾರೆ. ಮೆತ್ತನೆಯ ಕುಂಚದಿಂದ ಅಡಿಯ ದೂಳು ಒರೆಸಿ, ಪುಟ್ಟ ಟಾರ್ಚನ್ನು ಓರೆಯಾಗಿ ಹಿಡಿದು, ಬಗ್ಗಿ ನೋಡಿ, ತುಟಿಯಲ್ಲೇ ಏನೋ ಗುಣುಗಿಕೊಂಡು ಪಕ್ಕಕ್ಕಿಡುತ್ತಾರೆ. ಒಂದಕ್ಕೆ ಎರಡೂವರೆ ನಿಮಿಷ. ನಾನು ಗಡಿಯಾರ ಹಿಡಿದೇ ನೋಡಿದೆ.

ಗೋದಾಮಿನಲ್ಲಿ ಇವರನ್ನು ಎಲ್ಲರೂ ಕರೆಯುವುದು ಮಗುಚಕ್ಕ ಎಂದು. ಕ್ಯೂಬಾದಿಂದ ಬರುವ ಸಿಗಾರ್ ಪೆಟ್ಟಿಗೆಗಳ ಅಡಿಯಲ್ಲಿ ಕಾರ್ಖಾನೆಯವರು ಗುಟ್ಟಿನ ಅಕ್ಷರಗಳನ್ನು ಒತ್ತಿರುತ್ತಾರೆ. ಅದನ್ನು ಓದಿ ಯಾವ ಕಾರ್ಖಾನೆ, ಯಾವ ತಿಂಗಳು, ಯಾವ ವರ್ಷ, ಅಸಲಿಯೋ ನಕಲಿಯೋ ಎಂದು ಇವರು ಹೇಳಬಲ್ಲರು. ದಿನಕ್ಕೆ ನೂರ ಮೂವತ್ತು ಪೆಟ್ಟಿಗೆ, ವಾರಕ್ಕೆ ಆರು ದಿನ, ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಕಚೇರಿಯ ಪುಸ್ತಕದಲ್ಲಿ ಮಾತ್ರ ಇವರ ಹುದ್ದೆ ‘ಪೆಟ್ಟಿಗೆ ಒರೆಸುವವರು’. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಮ್ಮನೆ ಹುಟ್ಟಿದ ಗಾದೆಯಲ್ಲ.

ಒಂದರ್ಧ ಗಂಟೆ ಮಾತಾಡಿಸಿ, ಫೋಟೊ ತೆಗೆದುಕೊಂಡು, ಏಳಕ್ಕೆಲ್ಲ ಮನೆ ಸೇರುವ ಲೆಕ್ಕಾಚಾರದಲ್ಲಿ ನಾನು ಬಂದಿದ್ದೆ. ಹನ್ನೊಂದಾದರೂ ಅಲ್ಲಿಂದ ಕದಲಲಿಲ್ಲ. ಕಾರಣ ಮೇಜಿನ ಎಡತುದಿಯಲ್ಲಿ ಒಂಟಿಯಾಗಿ ಕೂತಿದ್ದ ಒಂದು ಹಳೆಯ ಪೆಟ್ಟಿಗೆ.

ತಿಂಗಳಿಗೊಮ್ಮೆ, ನಕಲಿ ಎಂದು ತೀರ್ಮಾನವಾದ ಮಾಲನ್ನು ಪುಡಿ ಮಾಡುವ ಯಂತ್ರದ ಲಾರಿ ಇಲ್ಲಿಗೆ ಬರುತ್ತದೆ. ಇವತ್ತು ಹನ್ನೊಂದಕ್ಕೆ ಬರುವುದಿದೆ. ಆ ಹಳೆಯ ಪೆಟ್ಟಿಗೆಯ ಹೆಸರೂ ಪಟ್ಟಿಯಲ್ಲಿದೆ. ಸೀಲು ಒಡೆದಿಲ್ಲ, ಮೂಲೆಗಳು ಸವೆದಿವೆ, ಮುಚ್ಚಳದ ಮೇಲೆ ಹಳದಿಗಟ್ಟಿದ ಚೀಟಿಯೊಂದು ಅಂಟಿದೆ. ಅದರ ಯಜಮಾನರು ಗೇಟಿನ ಹೊರಗಿನ ಬೆಂಚಿನ ಮೇಲೆ ನನಗಿಂತ ಮುಂಚೆಯೇ ಬಂದು ಕೂತಿದ್ದಾರೆ. ಹಡಗುಗಳಲ್ಲಿ ಅಡುಗೆ ಮಾಡಿಕೊಂಡಿದ್ದು ನಿವೃತ್ತರಾದವರು. ಬರುವ ಭಾನುವಾರ ಅವರಿಗೆ ಎಪ್ಪತ್ತು ತುಂಬುತ್ತದೆ.

ಅವರ ಅಣ್ಣ ಇನ್ನೊಂದು ಹಡಗಿನ ಎಂಜಿನ್ ಕೋಣೆಯಲ್ಲಿದ್ದವರು. ಮೂವತ್ತು ವರ್ಷದ ಹಿಂದೆ ಕ್ಯೂಬಾದ ಬಂದರಿನಲ್ಲೇ ಈ ಪೆಟ್ಟಿಗೆ ಕೊಂಡು, ಚೀಟಿ ಬರೆದು ಅಂಟಿಸಿ, ಊರಿಗೆ ಹೊರಟಿದ್ದ ಗೆಳೆಯನ ಕೈಗೆ ಕೊಟ್ಟಿದ್ದರು. ಚೀಟಿಯಲ್ಲಿ ಹೀಗಿದೆ: ‘ತಮ್ಮಾ, ನಿನಗೆ ಎಪ್ಪತ್ತಾದ ದಿನ ಇಬ್ಬರೂ ಸೇರಿ ಬಿಚ್ಚೋಣ. ಅಲ್ಲೀವರೆಗೆ ಮುಟ್ಟಿದರೆ ಜೋಕೆ.’ ಕೆಳಗೆ ತಾರೀಕು, ಏಪ್ರಿಲ್ ಇಪ್ಪತ್ತೆಂಟು, ತೊಂಬತ್ತಾರು. ಐದೇ ದಿನಕ್ಕೆ, ಮೇ ಮೂರರಂದು, ಅಣ್ಣನ ಹಡಗು ಮುಳುಗಿತು. ಪೆಟ್ಟಿಗೆ ತಮ್ಮನ ಕೈ ಸೇರಿದ್ದು ಸುದ್ದಿ ಬಂದು ಎರಡು ತಿಂಗಳಾದ ಮೇಲೆ. ತಮ್ಮ ಅದನ್ನು ಮುಟ್ಟಲಿಲ್ಲ. ದೇಶ ಬಿಟ್ಟು ದೇಶ, ಮನೆ ಬಿಟ್ಟು ಮನೆ ಸಾಗಿಸುತ್ತಾ ಮೂವತ್ತು ವರ್ಷ ಕಾಪಾಡಿದರು. ಈಗ ಸಾಮಾನು ಸರಂಜಾಮು ಕಟ್ಟಿಕೊಂಡು ಊರಿಗೆ ಮರಳುವಾಗ ಪೆಟ್ಟಿಗೆ ಇಲ್ಲಿ ತಪಾಸಣೆಗೆ ಸಿಕ್ಕಿಬಿದ್ದಿದೆ.

ಪಕ್ಕದ ವಿಭಾಗದವರು ಅಡಿಯ ಅಕ್ಷರ ನೋಡಿದ್ದಾರೆ. ಅದು ಮೇ ತಿಂಗಳು ಅನ್ನುತ್ತಿದೆ. ಮೇನಲ್ಲಿ ತಯಾರಾದ ಪೆಟ್ಟಿಗೆಯ ಮೇಲೆ ಏಪ್ರಿಲ್‌ನಲ್ಲಿ ಚೀಟಿ ಅಂಟಿಸಲು ಸಾಧ್ಯವೇ? ಕಥೆಯೂ ಸುಳ್ಳು, ಪೆಟ್ಟಿಗೆಯೂ ನಕಲಿ ಎಂದು ಬರೆದು ನಿನ್ನೆ ಸಂಜೆ ಇತ್ತ ಕಳಿಸಿದ್ದಾರೆ. ಒರೆಸಿ, ಪಟ್ಟಿಗೆ ಹಚ್ಚಿ, ಲಾರಿಗೆ ಹಾಕುವುದಷ್ಟೇ ಮಗುಚಕ್ಕನ ಪಾಲಿನ ಕೆಲಸ. ಆದರೆ ಅವರು ಮಗುಚಿ ನೋಡಿಬಿಟ್ಟಿದ್ದಾರೆ. ನೋಡಿದವರೇ ಗೋದಾಮಿನ ಸಾಹೇಬರ ಹತ್ತಿರ ಹೋಗಿ, ಲಾರಿ ಬರುವವರೆಗೆ ಟೈಮು ಕೊಡಿ ಎಂದು ಕೇಳಿಕೊಂಡಿದ್ದಾರೆ.

ಹಾಗಾದರೆ ಮೊದಲು ಅದನ್ನೇ ನೋಡಬಾರದೇ ಎಂದು ನಾನು ಚಡಪಡಿಸುತ್ತೇನೆ. ಮಗುಚಕ್ಕನಿಗೆ ನಗು. “ಆಗಷ್ಟೇ ಎದ್ದ ಕಣ್ಣಲ್ಲಿ ಓದಿದ್ರೆ ಕಣ್ಣು ತನಗೆ ಬೇಕಾದ್ದನ್ನೇ ಓದತ್ತೆ. ನೂರು ಪೆಟ್ಟಿಗೆ ಆಗ್ಲಿ, ಹದಕ್ಕೆ ಬರತ್ತೆ. ಆಮೇಲೆ ಅದು ಇದ್ದದ್ದನ್ನ ಓದತ್ತೆ.” ಅಲ್ಲಿಯವರೆಗೆ ನನಗೆ ಪಾಠ.

ಆ ಕಾಲದ ಪೆಟ್ಟಿಗೆಗಳಲ್ಲಿ ತಿಂಗಳು, ವರ್ಷವನ್ನು ಅಂಕಿಯಲ್ಲಿ ಒತ್ತುತ್ತಿರಲಿಲ್ಲ. ನಿವೆಲ್ ಅಕುಸೊ ಎಂಬ ಎರಡು ಸ್ಪ್ಯಾನಿಶ್ ಪದಗಳಲ್ಲಿ ಹತ್ತು ಅಕ್ಷರ, ಒಂದೂ ಮತ್ತೆ ಬರುವುದಿಲ್ಲ. ಎನ್ ಅಂದರೆ ಒಂದು, ಐ ಎರಡು, ವಿ ಮೂರು, ಇ ನಾಲ್ಕು, ಎಲ್ ಐದು. ಹೀಗೇ ಸಾಗಿ ಕೊನೆಯ ಓ ಅಂದರೆ ಸೊನ್ನೆ. ಈಗಿನ ಪೆಟ್ಟಿಗೆಗಳಲ್ಲಿ ತಿಂಗಳು, ವರ್ಷ ನೇರವಾಗಿಯೇ ಇರುತ್ತವೆ. ಕಾರ್ಖಾನೆಯ ಗುರುತು ಮಾತ್ರ ಇವತ್ತಿಗೂ ಗುಟ್ಟು, ಆಗಾಗ ಬದಲಾಗುವ ಗುಟ್ಟು.

ಏಳನೇ ಕ್ಲಾಸಿಗೇ ಶಾಲೆ ಬಿಟ್ಟವರು ಮಗುಚಕ್ಕ. ಇಂಗ್ಲಿಷ್ ಅಕ್ಷರಗಳ ನಂಟು ಬೆಳೆದದ್ದು ಮದುವೆಯಾದ ಮೇಲೆ, ಹೊಲಿಗೆ ಯಂತ್ರ ರಿಪೇರಿ ಮಾಡುವ ಗಂಡನ ಅಂಗಡಿಯಲ್ಲಿ ಯಂತ್ರಗಳ ನಂಬರ್ ಪ್ಲೇಟು ತಿಕ್ಕುತ್ತಾ. ಗೋದಾಮಿಗೆ ಸೇರಿದ ಹೊಸದರಲ್ಲಿ ಆಗಿನ ಹಳೆಯ ಸಾಹೇಬರೊಬ್ಬರು ಈ ಹತ್ತು ಅಕ್ಷರದ ಬೀಗದ ಕೈ ಹೇಳಿಕೊಟ್ಟರಂತೆ. ಅದನ್ನು ಪಾತ್ರೆ ತೊಳೆಯುತ್ತಾ, ಬಸ್ಸಿಗೆ ಕಾಯುತ್ತಾ ಜಪದಂತೆ ಹೇಳಿಕೊಂಡರು. ಮನೆಯಲ್ಲಿ ತಟ್ಟೆ, ಲೋಟ, ಬೆಂಕಿಪೊಟ್ಟಣ, ಏನು ಕೈಗೆ ಸಿಕ್ಕರೂ ಮಗುಚಿ ನೋಡುವ ಚಾಳಿ ಹತ್ತಿತು. ಒಮ್ಮೆ ಸಾರು ತುಂಬಿದ ಬಟ್ಟಲನ್ನೇ ಮಗುಚಿದ ಕಥೆಯನ್ನು ಅತ್ತೆ ಬಂದವರಿಗೆಲ್ಲ ಹೇಳುತ್ತಾರೆ. “ಊರಿನ ಸೊಸೆಯರು ಮೇಲಿಂದು ನೋಡ್ತಾರೆ, ನಮ್ಮವಳು ಅಡಿ ನೋಡ್ತಾಳೆ” ಅನ್ನುವುದು ಅವರ ಮಾಮೂಲು ದೂರು. ಹೇಳುವಾಗ ಮುಖದ ತುಂಬ ಹೆಮ್ಮೆ ಇರುತ್ತದೆ ಎಂಬುದನ್ನು ಸೊಸೆ ಬಲ್ಲರು.

ಅಕ್ಷರದ ಬೀಗದ ಕೈ ಎಷ್ಟೋ ಜನರಿಗೆ ಗೊತ್ತು. ಮಗುಚಕ್ಕ ತಾವಾಗಿಯೇ ಕಂಡುಕೊಂಡ ವಿದ್ಯೆ ಬೇರೆ ಇದೆ. ಸಂದೇಹ ಬಂದ ಪ್ರತಿ ಮುದ್ರೆಯನ್ನೂ ಅವರು ತೆಳು ಕಾಗದ ಇಟ್ಟು ಪೆನ್ಸಿಲಿನಿಂದ ನಕಲು ತೆಗೆಯುತ್ತಾರೆ. ಅಂಥ ಹತ್ತೊಂಬತ್ತು ನೋಟ್‌ಬುಕ್ಕುಗಳಿವೆ. ವರ್ಷಗಟ್ಟಲೆ ತೆಗೆದ ಮೇಲೆ ಅವರಿಗೆ ಅಕ್ಷರಗಳ ಹಿಂದೆ ಮನುಷ್ಯರು ಕಾಣಿಸತೊಡಗಿದರು. “ಅಕ್ಷರ ಬದಲಾಯಿಸ್ತಾರೆ, ಒತ್ತೋ ಕೈ ಬದಲಾಗಲ್ವಲ್ಲ,” ಅನ್ನುತ್ತಾರೆ. ಒಬ್ಬರು ಯಾವಾಗಲೂ ಅವಸರ, ಮುದ್ರೆ ಎತ್ತುವಾಗ ಎಳೆದುಬಿಡುತ್ತಾರೆ. ಅವರಿಗೆ ‘ಅವಸರದಣ್ಣ’ ಎಂದು ಹೆಸರು. ಇನ್ನೊಬ್ಬರು ಒಂದು ಸಲ ಮಸಿ ಮುಟ್ಟಿಸಿ ಐದು ಪೆಟ್ಟಿಗೆಗೆ ಒತ್ತುತ್ತಾರೆ, ಅವರು ‘ಜಿಪುಣಮ್ಮ’. ಹೀಗೆ ಅರವತ್ತೊಂದು ಕೈಗಳು ಅವರಿಗೆ ಗುರುತು. ಕಾರ್ಖಾನೆಯ ಗುಟ್ಟಿನ ಅಕ್ಷರ ಬದಲಾದಾಗಲೂ ಕೈ ನೋಡಿ ಕಾರ್ಖಾನೆ ಹೇಳುತ್ತಾರೆ. ಇದನ್ನು ಕೇಳಿ ನನಗೆ ರೋಮಾಂಚನವಾಯಿತು ಎಂದರೆ ಅತಿಶಯೋಕ್ತಿಯಲ್ಲ. ಸಾಗರದಾಚೆ, ಹೆಸರೇ ಇಲ್ಲದೆ ಮುದ್ರೆ ಒತ್ತಿದವರನ್ನು ಹೆಸರಿಟ್ಟು ಕರೆಯುವವರು ಇಲ್ಲೊಬ್ಬರಿದ್ದಾರೆ!

ಅರವತ್ತೊಂದರಲ್ಲಿ ಅವರಿಗೆ ಅಚ್ಚುಮೆಚ್ಚು ‘ಎಡಗೈ ಅಣ್ಣ’. ಮುದ್ರೆಯನ್ನು ಕೆಳಕ್ಕೂ ಎಡಕ್ಕೂ ಭಾರ ಹಾಕಿ ಒತ್ತುವ ಕೈ. ಗಂಡಸೋ ಹೆಂಗಸೋ ಗೊತ್ತಿಲ್ಲ, ಆದರೂ ಅಣ್ಣ. ನಿನ್ನಣ್ಣ ಹೇಗಿದ್ದಾನೆ ಇವತ್ತು ಎಂದು ಗಂಡ ರಾತ್ರಿ ಊಟಕ್ಕೆ ಕೂತಾಗ ಕೇಳುತ್ತಾರಂತೆ.

ಈ ಅಣ್ಣನಿಂದಲೇ ಮಗುಚಕ್ಕ ಒಮ್ಮೆ ದೊಡ್ಡ ತಪ್ಪು ಮಾಡಿದ್ದಾರೆ. ಅದನ್ನು ನಾನು ಕೇಳಲಿಲ್ಲ, ಅವರೇ ಹೇಳಿದರು. ಹನ್ನೊಂದು ವರ್ಷದ ಹಿಂದೆ ಒಬ್ಬ ಟೀಚರಮ್ಮನ ಪೆಟ್ಟಿಗೆ ಬಂದಿತ್ತು. ಅಣ್ಣನ ಕಾರ್ಖಾನೆ, ಅಣ್ಣನ ವರ್ಷ, ಆದರೆ ಮುದ್ರೆ ನೆಟ್ಟಗಿತ್ತು. ಅಣ್ಣನ ಕೈಯಲ್ಲ, ಹಾಗಾಗಿ ನಕಲಿ ಎಂದು ಇವರೇ ಹೇಳಿದರು. ಪೆಟ್ಟಿಗೆ ಪುಡಿಯಾಯಿತು. ಮೂರು ವಾರದ ಮೇಲೆ ಅದೇ ತಿಂಗಳಿನ ಎಂಟು ಪೆಟ್ಟಿಗೆಗಳು ಬಂದವು, ಎಂಟೂ ನೆಟ್ಟಗೆ, ಎಂಟೂ ಅಸಲಿ. “ಅಣ್ಣ ಆ ತಿಂಗಳು ರಜೆ ಹಾಕಿದ್ದ, ಅಷ್ಟೇ,” ಅನ್ನುವಾಗ ಮಗುಚಕ್ಕನ ದನಿ ಇಳಿಯುತ್ತದೆ. “ಮನುಷ್ಯ ಅಂದ್ಮೇಲೆ ಜ್ವರ ಬರತ್ತೆ, ಮನೇಲಿ ಮದುವೆ ಇರತ್ತೆ. ನನಗದು ಹೊಳೀಲೇ ಇಲ್ಲ.” ಪುಡಿಯಾದ ಆ ಪೆಟ್ಟಿಗೆಯ ಹಿತ್ತಾಳೆ ಕೀಲೊಂದು ಅವರ ಪೆನ್ಸಿಲ್ ಡಬ್ಬಿಯಲ್ಲಿದೆ. ದಿನಾ ಬೆಳಿಗ್ಗೆ ಡಬ್ಬಿ ತೆಗೆದಾಗ ಕಣ್ಣಿಗೆ ಬೀಳಲಿ ಎಂದೇ ಇಟ್ಟುಕೊಂಡಿದ್ದಾರೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುವ ಮಾತು ಅವತ್ತಿನಿಂದ ಅವರ ಕಟ್ಟಳೆಯಾಗಿದೆ. ಬರೀ ಕೈ ಗುರುತು ನಂಬುವುದಿಲ್ಲ, ಇನ್ನೆರಡು ಸಾಕ್ಷಿ ಬೇಕು.

ಹತ್ತೂಕಾಲಿಗೆ ನೂರನೇ ಪೆಟ್ಟಿಗೆ ಮುಗಿಯುತ್ತದೆ. ಕೈ ಒರೆಸಿಕೊಂಡು ಹಳೆಯ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ, ಮಗುಚುತ್ತಾರೆ. ಅಡುಗೆಯವರನ್ನೂ ಸಾಹೇಬರನ್ನೂ ಕರೆಸಿದ್ದಾಗಿದೆ. ಸಾಹೇಬರು ಇನ್ನೂ ಮೂವತ್ತೈದರವರು, ಪದೇ ಪದೇ ಬಾಗಿಲ ಕಡೆ ನೋಡುತ್ತಿದ್ದಾರೆ. ಅಡುಗೆಯವರು ಟೋಪಿಯನ್ನು ಕೈಯಲ್ಲಿ ಹಿಡಿದು, ದೂರವೇ ನಿಂತಿದ್ದಾರೆ.

ಅಡಿಯಲ್ಲಿ ನನಗೂ ಕಾಣುತ್ತದೆ: ಓ, ಎಲ್, ಎಸ್, ಎ. ಸೊನ್ನೆ, ಐದು, ಒಂಬತ್ತು, ಆರು. ತೊಂಬತ್ತಾರರ ಮೇ.

ಮಗುಚಕ್ಕ ಕುಂಚದಿಂದ ಮೂರು ಸಲ, ಮರದ ನಾರಿನ ದಿಕ್ಕಿಗೇ ಒರೆಸುತ್ತಾರೆ. ಆಮೇಲೆ ನನ್ನನ್ನು ಹತ್ತಿರ ಕರೆದು, ಎಲ್ ಬಿಟ್ಟು ಉಳಿದ ಅಕ್ಷರಗಳ ನೆತ್ತಿ ನೋಡಲು ಹೇಳುತ್ತಾರೆ. ಓ ಅಕ್ಷರದ ಮೇಲ್ಭಾಗ ಕಡಿದಿದೆ. ಎಸ್ ಅಕ್ಷರದ ತಲೆ ಮಾಸಿದೆ. ಎ ಅಕ್ಷರಕ್ಕೆ ತುದಿಯೇ ಇಲ್ಲ. ಇದು ಮುದ್ರೆಯ ಕೆಳತುದಿಗೆ ಭಾರ ಹಾಕಿ ಒತ್ತಿದ ಕೈ, ಹಾಗಾಗಿ ನೆತ್ತಿಗೆ ಮಸಿ ಹತ್ತಿಲ್ಲ. ಎಡಗೈ ಅಣ್ಣ!

“ಅಕ್ಕಪಕ್ಕದೋರೆಲ್ಲ ತಲೆ ಬೋಳಿಸ್ಕೊಂಡು ನಿಂತಿರೋವಾಗ ಇವನೊಬ್ಬನ ತಲೆ ಮಾತ್ರ ನೆಟ್ಟಗಿರತ್ತಾ?” ಎಂದು ಮಗುಚಕ್ಕ ಎಲ್ ಮೇಲೆ ಬೆರಳಿಡುತ್ತಾರೆ. “ಇವನದ್ದೂ ಏನೋ ಹೋಗಿದೆ.”

ಟಾರ್ಚು ಹಚ್ಚಿ, ಹೆಚ್ಚುಕಡಿಮೆ ಮರಕ್ಕೆ ತಾಗುವಷ್ಟು ಓರೆಯಾಗಿ ಹಿಡಿಯುತ್ತಾರೆ. ಮಸಿ ಹತ್ತದ ಕಡೆಯಲ್ಲೂ ಮಸಿಯ ಎಣ್ಣೆ ತುಸು ಹತ್ತಿರುತ್ತದಂತೆ. ಎಷ್ಟು ವರ್ಷವಾದರೂ ಅಲ್ಲಿ ಮರ ಬೇರೆ ಥರ ಹೊಳೆಯುತ್ತದಂತೆ. ಬೆಳಕು ಕೂದಲೆಳೆಯಷ್ಟು ಸರಿಯುತ್ತದೆ, ಇನ್ನಷ್ಟು ಸರಿಯುತ್ತದೆ. ಆಗ ಕಂಡಿತು. ಎಲ್ ಅಕ್ಷರದ ಮೇಲ್ಗಡೆ ಒಂದು ಗೀಟು, ನಡುವೆ ಒಂದು ಗೀಟು. ಮಸಿಯಿಲ್ಲದ, ಮಂಜಿನಂಥ ಎರಡು ಅಡ್ಡಗೀಟು. ಅದು ಎಲ್ ಅಲ್ಲವೇ ಅಲ್ಲ. ಅದು ಇ. ಐದಲ್ಲ, ನಾಲ್ಕು. ಪೆಟ್ಟಿಗೆ ಹುಟ್ಟಿದ್ದು ಏಪ್ರಿಲ್‌ನಲ್ಲಿ.

ನಾನು ಕುಣಿಯುವುದೊಂದು ಬಾಕಿ. ಮಗುಚಕ್ಕ ಮಾತ್ರ ಸುಮ್ಮನಿರಿ ಎಂದು ಕೈ ಸನ್ನೆ ಮಾಡುತ್ತಾರೆ. ಕೈ ಗುರುತಾಯಿತು, ಎಣ್ಣೆ ಸಾಕ್ಷಿ ಹೇಳಿತು. ಇನ್ನೊಂದು ಸಾಕ್ಷಿ ಬಾಕಿ ಇದೆ. ಗೋದಾಮಿನ ಗೇಟಿನಲ್ಲಿ ಲಾರಿಯ ಹಾರ್ನ್ ಕೇಳಿಸುತ್ತದೆ. ಅವರು ಏಳನೇ ನೋಟ್‌ಬುಕ್ ತೆಗೆದು, ಎಂಜಲು ಹಚ್ಚದೆ, ನಿಧಾನಕ್ಕೆ ಹಾಳೆ ತಿರುವುತ್ತಾರೆ. ಎಡಗೈ ಅಣ್ಣನ ಪುಟ. ತೊಂಬತ್ತಾರರ ಏಪ್ರಿಲ್. ಹದಿನಾಲ್ಕು ವರ್ಷದ ಹಿಂದೆ ಬೇರೆ ಯಾರದೋ ಪೆಟ್ಟಿಗೆಯಿಂದ ತೆಗೆದ ನಕಲು. ಅದರಲ್ಲಿ ಇ ಅಕ್ಷರದ ಮೇಲಿನೆರಡು ಗೀಟು ಕೂದಲಿನಷ್ಟು ತೆಳ್ಳಗೆ ಉಳಿದಿವೆ. ತೆಳು ಕಾಗದವನ್ನು ಪೆಟ್ಟಿಗೆಯ ಅಡಿಯ ಮೇಲಿಡುತ್ತಾರೆ. ಓರೆ, ಅಂತರ, ಕಡಿದ ಓ, ತುದಿಯಿಲ್ಲದ ಎ, ಎಲ್ಲ ಒಂದರ ಮೇಲೊಂದು ಕೂತುಬಿಡುತ್ತವೆ.

ಮಗುಚಕ್ಕ ಟಾರ್ಚು ಆರಿಸಿ ಅಡುಗೆಯವರ ಕಡೆ ತಿರುಗುತ್ತಾರೆ. “ನಿಮ್ಮಣ್ಣ ಸುಳ್ಳು ಬರೆದಿಲ್ಲ, ಅಣ್ಣಾ. ಪೆಟ್ಟಿಗೆ ಏಪ್ರಿಲ್‌ದೇ.”

ಅಡುಗೆಯವರು ಹತ್ತಿರ ಬಂದು, ಮುಚ್ಚಳದ ಚೀಟಿ ನೋಡದೆ, ಆ ಮಾಸಿದ ಅಕ್ಷರಗಳನ್ನೇ ಬೆರಳಿನಿಂದ ಸವರುತ್ತಾರೆ. ಇನ್ನು ಮನೆಯಲ್ಲಿ ಇದನ್ನು ಅಡಿ ಮೇಲೆ ಮಾಡಿಯೇ ಇಡುತ್ತೇನೆ ಅನ್ನುತ್ತಾರೆ. ಹಾಗಿಟ್ಟರೆ ಚೀಟಿ ಸವೆಯುತ್ತದೆ, ಭಾನುವಾರ ಬಿಚ್ಚಿ ಒಂದನ್ನು ನೀವು ಸೇದಿ, ಅಣ್ಣನದ್ದು ಒಂದನ್ನು ಎತ್ತಿಡಿ ಎಂದು ಮಗುಚಕ್ಕ ಬುದ್ಧಿ ಹೇಳುತ್ತಾರೆ. ಇಬ್ಬರ ಕಣ್ಣೂ ಒದ್ದೆ. ನನ್ನದನ್ನು ನಾನು ಹೇಳುವುದಿಲ್ಲ.

ಲಾರಿ ಉಳಿದ ಮಾಲು ತುಂಬಿಕೊಳ್ಳುತ್ತಿರುವಾಗ ಸಾಹೇಬರು ಬಿಡುಗಡೆಯ ವರದಿ ತೆಗೆಯುತ್ತಾರೆ. ಅದರ ಕೊನೆಯಲ್ಲಿ ‘ಓದಿ ಪರಿಶೀಲಿಸಿದವರು’ ಎಂಬ ಜಾಗವಿದೆ. ಇಪ್ಪತ್ತೆರಡು ವರ್ಷವೂ ಅಲ್ಲಿ ಬಿದ್ದದ್ದು ಸಾಹೇಬರುಗಳ ಸಹಿಯೇ. ಇವತ್ತು ಸಾಹೇಬರು ಕಾಗದವನ್ನು ಮೇಜಿನ ಆಚೆಗೆ ಸರಿಸಿ, ಪೆನ್ನು ಮಗುಚಕ್ಕನ ಕೈಗೆ ಕೊಡುತ್ತಾರೆ. ಮಗುಚಕ್ಕ ಪೆನ್ನನ್ನೂ ಒಮ್ಮೆ ಮಗುಚಿ ನೋಡಿ, ಉದ್ದಕ್ಕೆ ಸಹಿ ಹಾಕುತ್ತಾರೆ.

ಸಹಿಯ ಕೆಳಗೆ ಹುದ್ದೆ ಬರೆಯಬೇಕು. ಸಾಹೇಬರು, “ಮುದ್ರೆ ತಜ್ಞರು ಅಂತ ಬರೀಲಾ, ಅಕ್ಕ? ನಾನು ಮೇಲಿನವರಿಗೆ ಹೇಳ್ಕೋತೀನಿ,” ಅನ್ನುತ್ತಾರೆ.

ಮಗುಚಕ್ಕ ಕುಂಚದ ಕೂದಲನ್ನು ಬೆರಳಿನಿಂದ ನೇರ ಮಾಡುತ್ತಾರೆ. ಮೇಜಿನ ಮೇಲೆ ಇನ್ನೂ ಮೂವತ್ತು ಪೆಟ್ಟಿಗೆಗಳಿವೆ.

“ಬೇಡ ಸಾರ್. ಒರೆಸೋರು ಅಂತಾನೇ ಬರೀರಿ. ಒರೆಸದೆ ಯಾರು ಓದಿದ್ದಾರೆ?”